ಉದ್ಘಾಟನೆಗೆ ಬಂದವರು ರಾಕೆಟ್ ಹಿಡಿದಾಗ



ಪ್ಯಾರಾ ಕ್ರೀಡಾಪಟುಗಳ ಸುದ್ದಿ ಪದಕ ಬಂದ ದಿನ ಮುಖಪುಟದಲ್ಲಿ, ಮರುದಿನ ಮಾಯ. ಅವರು ಅಲ್ಲಿಗೆ ತಲುಪಿದ್ದು ಹೇಗೆ?

ಹಾಸನದ ಸುಹಾಸ್ ಯತಿರಾಜ್ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾದವರು. 2016ರಲ್ಲಿ ಆಜಂಗಢದ ಜಿಲ್ಲಾಧಿಕಾರಿಯಾಗಿ ಬ್ಯಾಡ್ಮಿಂಟನ್ ಟೂರ್ನಿ ಉದ್ಘಾಟಿಸಲು ಹೋದವರು ಸುಮ್ಮನೆ ವಾಪಸಾಗಲಿಲ್ಲ. ತಾವೂ ಅಂಕಣಕ್ಕಿಳಿದು ರಾಜ್ಯಮಟ್ಟದ ಆಟಗಾರರನ್ನು ಸೋಲಿಸಿದರು. ಪ್ಯಾರಾ ಬ್ಯಾಡ್ಮಿಂಟನ್ ಕೋಚ್ ಗೌರವ್ ಖನ್ನಾ ಕಣ್ಣಿಗೆ ಬಿದ್ದದ್ದು ಆಗಲೇ. ಮುಂದೆ ಕೋವಿಡ್ ಕಾಲದಲ್ಲಿ ನೋಯ್ಡಾದ ಜಿಲ್ಲಾಧಿಕಾರಿ. ಕಚೇರಿ ಮುಗಿಸಿ ರಾತ್ರಿ 10ರ ಮೇಲೆ ಅಭ್ಯಾಸ. ಟೋಕಿಯೊ ಪ್ಯಾರಾಲಿಂಪಿಕ್ಸ್ ಫೈನಲ್‌ನಲ್ಲಿ ಫ್ರಾನ್ಸಿನ ಲ್ಯೂಕಸ್ ಮಜೂರ್ ಎದುರು ಮೊದಲ ಗೇಮ್ 21-15ರಿಂದ ಗೆದ್ದೂ ಚಿನ್ನ ಕೈತಪ್ಪಿತು. 2024ರ ಪ್ಯಾರಿಸ್‌ನಲ್ಲಿ, 41ರ ವಯಸ್ಸಿನಲ್ಲಿ, ಮತ್ತೆ ಅದೇ ಎದುರಾಳಿ, ಮತ್ತೆ ಬೆಳ್ಳಿ.

ಸುಹಾಸ್ ಅಧಿಕಾರದಲ್ಲಿದ್ದವರು, ನಿಜ. ಅದೇ ನೋಯ್ಡಾ ಜಿಲ್ಲೆಯ ಜೇವರ್ ಬಳಿಯ ಹಳ್ಳಿಹುಡುಗ ಪ್ರವೀಣ್ ಕುಮಾರ್‌ಗೆ ಆ ಅನುಕೂಲವಿರಲಿಲ್ಲ. ಒಂದು ಕಾಲು ಗಿಡ್ಡ. ಮೊದಲು ಆಡುತ್ತಿದ್ದದ್ದು ವಾಲಿಬಾಲ್. ದೆಹಲಿಯ ನೆಹರೂ ಕ್ರೀಡಾಂಗಣದಲ್ಲಿ ಕೋಚ್ ಸತ್ಯಪಾಲ್ ಸಿಂಗ್ ಕೈಗೆ ಸಿಕ್ಕ ಮೇಲೆ ಎತ್ತರ ಜಿಗಿತವೇ ಬದುಕಾಯಿತು. ಪ್ಯಾರಿಸ್‌ನಲ್ಲಿ 2.08 ಮೀಟರ್ ಜಿಗಿದು ಚಿನ್ನ ತಂದರು.

ಇಬ್ಬರನ್ನೂ ಗುರುತಿಸಿದ್ದು ಕೋಚ್‌ಗಳ ಕಣ್ಣು, ಶಾಲೆಯ ವ್ಯವಸ್ಥೆಯಲ್ಲ. ಪ್ಯಾರಾ ವರ್ಗೀಕರಣ, ಅಂದರೆ ಅಂಗವೈಕಲ್ಯಕ್ಕೆ ತಕ್ಕಂತೆ ಆಟಗಾರರನ್ನು ವಿಂಗಡಿಸುವ ಕೆಲಸ, ಎಲ್ಲಿ, ಹೇಗೆ ನಡೆಯುತ್ತದೆಂದು ನಿಮ್ಮ ಪತ್ರಿಕೆ ಒಂದು ಪುಟ ಬರೆದರೆ ಹಳ್ಳಿಯ ಪಿ.ಟಿ. ಮೇಷ್ಟರಿಗಾದರೂ ಉಪಯೋಗವಾದೀತು.

– ಓರ್ವ ಓದುಗ, ನೋಯ್ಡಾ