ಬೇಲಿ ಮುರಿದ ಕಲಾಶಾಲೆ

ಅಮೇರಿಕದ ಡಲ್ಲಾಸ್ ನಗರದಲ್ಲಿ ಬುಕರ್ ಟಿ. ವಾಷಿಂಗ್ಟನ್ ಹೆಸರಿನ ಸರಕಾರಿ ಪ್ರೌಢಶಾಲೆಯೊಂದಿದೆ. ಗುಲಾಮನಾಗಿ ಹುಟ್ಟಿ, ತನ್ನ ಜನಾಂಗದ ಶಿಕ್ಷಣಕ್ಕಾಗಿ ಬದುಕನ್ನು ಮುಡಿಪಾಗಿಟ್ಟ ನಾಯಕನ ಹೆಸರದು. 1922ರಲ್ಲಿ ಆ ಶಾಲೆ ತೆರೆದಾಗ ಅಲ್ಲಿ ಕಲಿಯುತ್ತಿದ್ದವರೆಲ್ಲ ಕಪ್ಪುವರ್ಣೀಯ ಮಕ್ಕಳು. ಬಿಳಿಯರ ಶಾಲೆಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. 1939ರವರೆಗೆ ಇಡೀ ನಗರದಲ್ಲಿ ಅವರ ಪಾಲಿಗಿದ್ದುದು ಅದೊಂದೇ ಪ್ರೌಢಶಾಲೆ.

ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟು 1954ರಲ್ಲೇ ತೀರ್ಪಿತ್ತಿತ್ತು. ಆದರೂ ಆ ನ್ಯಾಯಕ್ಕಾಗಿ ಡಲ್ಲಾಸ್‌ನ ಪೋಷಕರು 1970ರಲ್ಲಿ ಪುನಃ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಈ ಹೋರಾಟದ ಫಲವಾಗಿ 1976ರಲ್ಲಿ ಅದೇ ಶಾಲೆ ಸಂಗೀತ, ನೃತ್ಯ, ನಾಟಕ ಮತ್ತು ಚಿತ್ರಕಲೆಗಳ 'ಮ್ಯಾಗ್ನೆಟ್' ಶಾಲೆಯಾಯಿತು. ಮ್ಯಾಗ್ನೆಟ್ ಎಂದರೆ ಅಯಸ್ಕಾಂತ. ಬಲವಂತದಿಂದ ಮಕ್ಕಳನ್ನು ಬೆರೆಸುವುದರ ಬದಲು, ಸುಲಭವಾಗಿ ಬೇರೆಡೆ ದೊರೆಯದ ವಿದ್ಯೆಯನ್ನು ಉಪೇಕ್ಷಿತರ ಶಾಲೆಯಲ್ಲೇ ಉಚಿತವಾಗಿ ಇರಿಸಿ ಎಲ್ಲರನ್ನೂ ಅಲ್ಲಿಗೆ ಸೆಳೆಯುವ ಉಪಾಯವಿದು. ಬಿಳಿಯರ ಮಕ್ಕಳು ತಾವಾಗಿಯೇ ಬಂದರು. ಗಾಯಕಿ ಎರಿಕಾ ಬಡು ಕಲಿತದ್ದು ಅಲ್ಲಿಯೇ. 2003ರಲ್ಲಿ ಐದು ಗ್ರ್ಯಾಮಿ ಪ್ರಶಸ್ತಿ ಪಡೆದ, ಪಂಡಿತ್ ರವಿಶಂಕರರ ಪುತ್ರಿ ನೋರಾ ಜೋನ್ಸ್ ಕೂಡ ಅಲ್ಲಿನ ವಿದ್ಯಾರ್ಥಿನಿ.

ಹಾಗೆಂದು ಅಲ್ಲಿ ಎಲ್ಲವೂ ಸರಿಹೋಗಿದೆಯೆಂದಲ್ಲ. ಪ್ರವೇಶಕ್ಕೆ ಪ್ರತಿಭಾ ಪರೀಕ್ಷೆಯಿದೆ. ಹಣ ತೆತ್ತು ಮೊದಲೇ ತರಬೇತಿ ಪಡೆದ ಮಗುವಿಗೆ ಅಲ್ಲಿ ಸಹಜವಾಗಿಯೇ ಮೇಲುಗೈ. ನ್ಯಾಯಾಲಯದ ನಿಗಾ 2003ರಲ್ಲಿ ಕೊನೆಗೊಂಡಿತು. ಒಮ್ಮೆ ಕಿತ್ತ ಬೇಲಿ ಬೇರೆ ರೂಪದಲ್ಲಿ ಮತ್ತೆ ಏಳಬಹುದು.

ಇದರಲ್ಲಿ ನಮಗೂ ಪಾಠವಿದೆ. ನಮ್ಮ ಮಕ್ಕಳಲ್ಲಿ ಮದ್ರಸಾಗಳಲ್ಲಿ ಕಲಿಯುವವರು ಶೇ. 4ರಷ್ಟು ಮಾತ್ರವೆಂದು 2006ರ ಸಾಚಾರ್ ವರದಿ ತೋರಿಸಿತು. ಅಂದರೆ ನಮ್ಮ ಮಕ್ಕಳ ಭವಿಷ್ಯ ಸಾಮಾನ್ಯ ಶಾಲೆಗಳಲ್ಲಿದೆ. ನಮ್ಮ ಮೊಹಲ್ಲಾಗಳಿಗೆ ಒಂದು ಶಾಲೆ ಕೊಡಿ ಎಂದಷ್ಟೇ ಸರಕಾರವನ್ನು ಕೇಳುವುದು ಸಾಲದು. ನೆರೆಯ ಹಿಂದೂ, ಕ್ರೈಸ್ತ ಕುಟುಂಬಗಳೂ ಬಯಸಿ ಬರುವಂತಹ ಶಾಲೆ ಕೊಡಿ ಎಂದು ಕೇಳಬೇಕು. ಜೊತೆಯಾಗಿ ಕಲಿತ ಮಕ್ಕಳ ನಡುವೆ ದ್ವೇಷ ಬಿತ್ತುವುದು ಸುಲಭವಲ್ಲ.

ಪೋಷಕರಲ್ಲೂ ಒಂದು ಮಾತು. ಮಗು ಚಿತ್ರ ಬರೆದರೆ, ಕಥೆ ಕಟ್ಟಿದರೆ "ಇದರಿಂದ ಹೊಟ್ಟೆ ತುಂಬುವುದೇ?" ಎಂದು ಗದರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಸಂಗೀತ, ನೃತ್ಯಗಳ ಬಗ್ಗೆ ವಿದ್ವಾಂಸರಲ್ಲಿರುವ ಆಕ್ಷೇಪಗಳನ್ನು ನಾವು ಬಲ್ಲೆವು. ಆದರೆ ಅದನ್ನೇ ನೆಪವಾಗಿಸಿ ಕಲೆಗಳಿಗೆಲ್ಲ ಬೆನ್ನು ತಿರುಗಿಸುವುದು ನಮ್ಮ ಪರಂಪರೆಯಲ್ಲ. ಬಿಜಾಪುರದ ಇಬ್ರಾಹೀಮ್ ರೋಜಾದಲ್ಲಿ ಕಲ್ಲಿನ ಕಿಟಕಿಗಳಿಗೆ ಅರಬಿ ಅಕ್ಷರಗಳನ್ನೇ ಜಾಲಿಯಾಗಿ ಕೊರೆದ ಶಿಲ್ಪಿಗಳ ಕೈಚಳಕ ಇಂದಿಗೂ ನಮ್ಮೆದುರಿಗಿದೆ. ಅಲ್ಲಾಹನು ಮಗುವಿಗೆ ದಯಪಾಲಿಸಿದ ಪ್ರತಿಭೆ ಒಂದು ಅಮಾನತ್ತು. ಅದನ್ನು ಬೆಳೆಸುವ ಹೊಣೆ ಸರಕಾರದ್ದೆಷ್ಟೋ ನಮ್ಮದೂ ಅಷ್ಟೇ.