ಗುಮ್ಮಟದಲ್ಲಿ ಕೇಳಿದ ಅಜ್ಜನವರ ಗಡಿಯಾರ

ಬೇಸಿಗೆಯ ರಜೆ ಬಂದೊಡನೆ ಜನರು ತಂಪಾದ ಗಿರಿಧಾಮಗಳನ್ನು ಅರಸಿ ಹೊರಡುವುದು ವಾಡಿಕೆ. ಉಬ್ರಾಣಿ ಸೀಮೆಯ ಅಡಿಕೆ ತೋಟಗಳ ನೆರಳಿನಲ್ಲಿ ಬಾಳುವ ನಾವು ಮಾತ್ರ ಕಳೆದ ವೈಶಾಖದಲ್ಲಿ ಕುಟುಂಬಸಮೇತರಾಗಿ ವಿಜಯಪುರಕ್ಕೆ ಹೊರಟೆವು. ನಲವತ್ತು ಡಿಗ್ರಿ ದಾಟುವ ಬಿಸಿಲಿನ ಊರಿಗೆ ಈಗೇಕೆಂದು ಬಂಧುಗಳು ಕೇಳದಿರಲಿಲ್ಲ. ಹಳೆಯ ಕೈಗಡಿಯಾರಗಳನ್ನು ಕೂಡಿಡುವ ನಮ್ಮ ಹವ್ಯಾಸವೇ ಅದಕ್ಕೆ ಕಾರಣ. ಕೀಲಿ ಕೊಡುವ ಗಡಿಯಾರಗಳ ಮರ್ಮ ಬಲ್ಲ ವೃದ್ಧರೊಬ್ಬರು ಅಲ್ಲಿರುವರೆಂದು ನಮ್ಮ ಬೀಗರು ತಿಳಿಸಿದ್ದರು.

ನಾವು ಒಯ್ದದ್ದು ಅಜ್ಜನವರ ಎಚ್.ಎಂ.ಟಿ. ಜನತಾ ಗಡಿಯಾರ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ೧೯೬೧ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಆರಂಭವಾಯಿತು. ಮದುವೆಯಲ್ಲಿ ಅಳಿಯನಿಗೆ ಕೊಡುವ ಉಡುಗೊರೆಯೂ ನಿವೃತ್ತರಾಗುವ ಮೇಷ್ಟರಿಗೆ ಸಲ್ಲಿಸುವ ಕಾಣಿಕೆಯೂ ಅದೇ ಆಗಿದ್ದ ಕಾಲವೊಂದಿತ್ತು. ೨೦೧೬ರಲ್ಲಿ ಕೇಂದ್ರ ಸರ್ಕಾರವು ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. ಅಜ್ಜನವರು ಲಿಂಗೈಕ್ಯರಾದ ಮೇಲೆ ಪೆಟ್ಟಿಗೆ ಸೇರಿದ್ದ ಅವರ ಗಡಿಯಾರವೂ ಮೌನವಾಗಿತ್ತು.

ಆ ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಕೆಟ್ಟಿಲ್ರೀ ಯಜಮಾನ್ರ, ಎಣ್ಣಿ ಒಣಗೈತಿ ಅಷ್ಟ" ಎಂದರು. ಹಿಂದೆ ಬಿಸಿಲಿನ ಕಾವಿಗೆ ಒಳಗಿನ ಉಕ್ಕಿನ ಸುರುಳಿ ತನ್ನ ಬಿಗಿ ಕಳೆದುಕೊಂಡು ಗಡಿಯಾರ ನಿಧಾನವಾಗುತ್ತಿತ್ತು. ಕಾವಿಗೆ ಅಷ್ಟಾಗಿ ಬದಲಾಗದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ಕಂಡುಹಿಡಿದ ಗಿಯೋಮ್ ಎಂಬ ವಿಜ್ಞಾನಿಗೆ ೧೯೨೦ರಲ್ಲಿ ನೊಬೆಲ್ ಬಹುಮಾನವೇ ದೊರೆಯಿತು. ಈಗ ಬಿಸಿಲಿಗಿಂತಲೂ ಧೂಳು, ಬೆವರು, ಒಣಗಿದ ಎಣ್ಣೆ ಇವೇ ಗಡಿಯಾರದ ಶತ್ರುಗಳು. ಸಂಜೆಯೊಳಗೆ ಹಿರಿಯರು ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ನಡೆಯುವಂತೆ ಮಾಡಿಕೊಟ್ಟರು. ಈ ಕೆಲಸವನ್ನು ಕಲಿಯಲು ತಮ್ಮಲ್ಲಿಗೆ ಯಾರೂ ಬರುತ್ತಿಲ್ಲವೆಂದು ಅವರು ಹೇಳಿದಾಗ ನಮ್ಮ ಮನಸ್ಸು ಭಾರವಾಯಿತು.

ಮರುದಿನ ಬಿಸಿಲೇರುವ ಮುನ್ನವೇ ಗೋಲ ಗುಮ್ಮಟಕ್ಕೆ ಹೋದೆವು. ೧೬೫೬ರಲ್ಲಿ ಮಡಿದ ಮುಹಮ್ಮದ್ ಆದಿಲ್ ಷಾನ ಸಮಾಧಿಯಿದು. ಗುಮ್ಮಟದ ಒಳ ಅಂಚಿನ ಸುತ್ತಲಿರುವ ಪಿಸುಮಾತಿನ ಮೊಗಸಾಲೆಯಲ್ಲಿ ಗಡಿಯಾರದ ಸದ್ದೂ ಆಚೆಬದಿಗೆ ಕೇಳುವುದೆಂದು ಓದಿದ್ದೆವು. ಗುಮ್ಮಟದ ಒಳಗಿನ ಅಗಲ ಸುಮಾರು ೧೨೪ ಅಡಿ. ಬ್ಯಾಟರಿಯ ಗಡಿಯಾರ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಿಡಿದರೆ ಜನತಾ ಐದು ಬಾರಿ ಮಿಡಿಯುತ್ತದೆ. ಅದನ್ನು ಗೋಡೆಗೆ ಹಿಡಿದೆವು. ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟಿದ್ದ ಮಗ, "ಕೇಳಿಸ್ತು ಅಪ್ಪಾಜಿ, ಮುತ್ತಜ್ಜನ ವಾಚು!" ಎಂದು ಮೆಲ್ಲನೆ ನುಡಿದ. ತಾನೆಂದೂ ಕಾಣದ ಹಿರಿಯರ ಕೈಯ ಮಿಡಿತ ಅವನಿಗೆ ಅಂದು ದೊರೆಯಿತು.

ಮಾನ್ಯ ಓದುಗರೆ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಇಂಥದೊಂದು ಗಡಿಯಾರ ಮಲಗಿರಬಹುದು. ಗುಜರಿಗೆ ಹಾಕದಿರಿ. ಬಲ್ಲವರಿಂದ ತೊಳೆಸಿ, ಎಣ್ಣೆ ಹಾಕಿಸಿ. ದಿನವೂ ಒಂದೇ ಹೊತ್ತಿಗೆ ಕೀಲಿ ಕೊಡಿ, ಬಿಗಿಯಾಯಿತೆಂದರೆ ನಿಲ್ಲಿಸಿ. ನೀರಿನಿಂದ ದೂರವಿಡಿ. ಆ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿದರೆ ಇನ್ನೂ ಒಳಿತು. ಹಿರಿಯರ ನೆನಪು ದಿನವೂ ಅವರ ಕೈಯಿಂದಲೇ ನಡೆದೀತು. ಕುಶಲಕರ್ಮಿಗಳ ಕಾಯಕವೂ ಉಳಿದೀತು.