ಕನ್ನಡಿಗೂ ಕಾಣದ ಎಡೆ

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಬಂದ ಯಾತ್ರಿಕರು ಅಲ್ಲಿಯ ಮದನಿಕೆಯರಲ್ಲಿ ದರ್ಪಣಸುಂದರಿ ಯಾವಳೆಂದು ಕೇಳಿ, ಕತ್ತೆತ್ತಿ ಕಣ್ತುಂಬ ನೋಡಿ, ಆಮೇಲೆಯೇ ಮುಂದೆ ಸಾಗುವರು. ಕ್ರಿ.ಶ. ೧೧೧೭ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ದೇಗುಲದಲ್ಲಿ ಬಳಪದ ಕಲ್ಲಿನಿಂದ ಮೂಡಿಬಂದ ಆ ಚೆಲುವೆ, ಕೈಗನ್ನಡಿಯಲ್ಲಿ ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತ ನಿಂತು ಒಂಬತ್ತು ಶತಮಾನಗಳು ಸಂದವು. ಆಕೆ ರಾಣಿ ಶಾಂತಲೆಯ ಪ್ರತಿರೂಪವೆಂದು ದಾರಿ ತೋರಿಸುವವರು ಹೇಳುವುದುಂಟು. ಆ ಚರ್ಚೆ ಇಲ್ಲಿ ಅಪ್ರಸ್ತುತ. ಪ್ರಸ್ತುತವಾದುದು ಊರ ಬೀದಿಗಳಲ್ಲಿ ದಿನವೂ ಕಾಣಸಿಗುವ ಇನ್ನೊಂದು ದೃಶ್ಯ. ತರುಣನೊಬ್ಬನು ಮೋಟಾರು ಸೈಕಲ್ಲನ್ನು ನಿಲ್ಲಿಸಿ, ಅದರ ಹ್ಯಾಂಡಲಿನ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಕ್ರಾಪು ತಿದ್ದಿ, ಮೀಸೆ ತೀಡಿ, ಕನ್ನಡಿಯನ್ನು ಹಾಗೆಯೇ ಬಿಟ್ಟು ಸವಾರಿ ಹೊರಡುತ್ತಾನೆ. ದರ್ಪಣಸುಂದರಿಗೆ ಒಪ್ಪಿದ್ದು ಸವಾರನಿಗೆ ಒಪ್ಪುವುದಿಲ್ಲ. ಅವಳ ಬೆನ್ನ ಹಿಂದೆ ಲಾರಿ ಬರುವುದಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಕಣ್ಣಿಗೆ ನೇರವಾಗಿ ಕಾಣುವುದಕ್ಕೆ ಕನ್ನಡಿ ಬೇಡ, ನಿಜ. ಆದರೆ ಬೆನ್ನಿನ ಹುಣ್ಣಿಗೆ ಬೇಕಲ್ಲವೆ? ತಮಿಳರ ‘ಕಣ್ಣಾಡಿ’ಯನ್ನು ಪಕ್ಕದಲ್ಲಿಟ್ಟು ನೋಡಿದರೆ ‘ಕನ್ನಡಿ’ ಎಂಬ ಮಾತಿನೊಳಗೆ ಕಣ್ಣು ಅಡಗಿರುವುದು ಹೊಳೆಯುತ್ತದೆ. ದ್ವಿಚಕ್ರ ವಾಹನದ ಕನ್ನಡಿಗಳೂ ಸವಾರನ ಬೆನ್ನಿಗೆ ಮೂಡಿದ ಎರಡು ಕಣ್ಣುಗಳೇ ಸರಿ. ಆ ಕಣ್ಣುಗಳಿಗೂ ಕಾಣದ ಎಡೆಯೊಂದುಂಟೆಂಬುದನ್ನೂ, ಕನ್ನಡಿಯನ್ನು ಸರಿಪಡಿಸಿ ಆ ಎಡೆಯನ್ನು ಕಿರಿದಾಗಿಸಬಹುದೇ ಹೊರತು ಕತ್ತು ತಿರುಗಿಸದೆ ಇಲ್ಲವಾಗಿಸಲಾಗದೆಂಬುದನ್ನೂ ಶಾಲೆಗಳು ಕಲಿಸುತ್ತಿಲ್ಲ. ಕಲಿಸಬೇಕು.

ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಟ್ಟವನ್ನೇರಿ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್ಲು, ಬಾಣಾವರಗಳನ್ನು ದಾಟಿ ಅರಸೀಕೆರೆಗೆ ಬಂದು ತುಮಕೂರಿನತ್ತ ಸಾಗುವ ರಾಜಮಾರ್ಗಕ್ಕೆ ಈಗ ೭೩ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರು. ಘಟ್ಟದ ಕೆಳಗಿನ ಸರಕು, ಮಲೆನಾಡಿನ ಕಾಫಿ, ಬಯಲು ಸೀಮೆಯ ತೆಂಗು ಮತ್ತು ಕೊಬ್ಬರಿ ಎಲ್ಲವೂ ಇದೇ ದಾರಿಯಲ್ಲಿ ಓಡಾಡಬೇಕು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ೨೦೨೩ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಯಾತ್ರಿಕರ ಬಸ್ಸು ಕಾರುಗಳಿಗಂತೂ ರಜೆಯ ದಿನಗಳಲ್ಲಿ ಕೊನೆಯಿಲ್ಲ. ಅರಸೀಕೆರೆಯಲ್ಲಿ ಬಿ.ಎಚ್. ರಸ್ತೆಯೇ ಹೆದ್ದಾರಿ, ಅದೇ ಪೇಟೆಯ ಬೀದಿ. ಹುಬ್ಬಳ್ಳಿಯ ಕಡೆಯ ರೈಲು, ಹಾಸನ ಮೈಸೂರಿನ ಕಡೆಯ ರೈಲು ಎರಡೂ ಕೂಡುವ ಜಂಕ್ಷನ್ನು ಅದಾದ್ದರಿಂದ, ರೈಲು ಬಂದ ಹೊತ್ತಿನಲ್ಲಿ ಆಟೋರಿಕ್ಷಾ, ಬೈಕು, ಸ್ಕೂಟರು, ಪಾದಚಾರಿಗಳೆಲ್ಲ ಒಮ್ಮೆಗೇ ಬೀದಿಗೆ ಸುರಿಯುವರು.

ಮೈಸೂರಿನಲ್ಲಿ ಜಾವಾ ಮೋಟಾರು ಸೈಕಲ್ಲುಗಳ ತಯಾರಿಕೆ ೧೯೬೧ರಲ್ಲಿ ಮೊದಲಾಯಿತು. ಆ ಕಾಲದಲ್ಲಿ ಹಳ್ಳಿಯ ಶಾಲೆಗೆ ಮೋಟಾರು ಸೈಕಲ್ಲಿನಲ್ಲಿ ಬರುವ ಮೇಷ್ಟ್ರು ಇಡೀ ಹೋಬಳಿಗೆ ಒಬ್ಬರೋ ಇಬ್ಬರೋ. ಬಲಗಡೆಗೊಂದು ಕನ್ನಡಿಯಿದ್ದರೆ ಸಾಕೆಂಬ ಭಾವನೆ ಅಂದು ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಿಂದಿನಿಂದ ಬರುತ್ತಿದ್ದುದು ಎತ್ತಿನ ಗಾಡಿ, ಅದರ ಗಂಟೆಯ ಸದ್ದು ಕನ್ನಡಿಗಿಂತ ಮೊದಲೇ ಸುದ್ದಿ ತಲುಪಿಸುತ್ತಿತ್ತು. ಕಾಲ ಬದಲಾಯಿತು, ಭಾವನೆ ಬದಲಾಗಲಿಲ್ಲ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಜನ ಮಡಿದರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಇವರೆಲ್ಲ ಕನ್ನಡಿಯ ದೋಷದಿಂದ ಸತ್ತರೆಂದು ಹೇಳುವುದು ಅವಿವೇಕ. ವೇಗ, ಮದ್ಯ, ಹೆಲ್ಮೆಟ್ಟಿಲ್ಲದ ತಲೆ, ಕೆಟ್ಟ ರಸ್ತೆ ಇವೆಲ್ಲ ಇವೆ. ಆದರೆ ಅವುಗಳ ವಿಷಯದಲ್ಲಿ ಭಾಷಣಗಳಿಗೆ ಬರವಿಲ್ಲ. ಕನ್ನಡಿಯ ವಿಷಯದಲ್ಲಿ ಮಾತ್ರ ಎಲ್ಲರೂ ಮೌನಿಗಳು.

ಕಾಣದ ಎಡೆ ಎಂದರೇನು? ಸವಾರಿ ಕಲಿಸುವವರು ಇದನ್ನು ‘ಬ್ಲೈಂಡ್ ಸ್ಪಾಟ್’ ಎನ್ನುತ್ತಾರೆ. ಕುರುಡು ಜಾಗವೆಂದು ಅನುವಾದಿಸುವುದುಂಟು. ಆದರೆ ಜಾಗಕ್ಕೆಲ್ಲಿಯ ಕುರುಡು? ಕುರುಡು ನೋಡುವವನದು. ಆದ್ದರಿಂದ ‘ಕಾಣದೆಡೆ’ ಎಂದರೆ ಮಾತು ಸರಿಹೊಂದೀತು. ಮುಂದೆ ದೃಷ್ಟಿಯಿಟ್ಟ ಸವಾರನಿಗೆ ಇಕ್ಕೆಲಗಳ ಭುಜದ ನೇರದವರೆಗೆ ಅಲ್ಪಸ್ವಲ್ಪ ಕಾಣುತ್ತದೆ. ಕನ್ನಡಿ ದೂರದ ಹಿಂದಣ ರಸ್ತೆಯನ್ನು ತೋರಿಸುತ್ತದೆ. ಇವೆರಡರ ನಡುವೆ, ಭುಜಕ್ಕೆ ತುಸು ಹಿಂದೆ, ಹಿಂದಿನ ಚಕ್ರದ ಅಕ್ಕಪಕ್ಕದಲ್ಲಿ, ಕಣ್ಣಿಗೂ ಸಿಗದ ಕನ್ನಡಿಗೂ ಸಿಗದ ನೆಲವೊಂದು ಉಳಿಯುತ್ತದೆ. ಅದರಲ್ಲಿ ಒಂದು ಬೈಕು ಸವಾರನ ಸಮೇತ ಸಲೀಸಾಗಿ ಅಡಗಬಲ್ಲದು.

ಇದನ್ನು ಮಾತಿನಲ್ಲಿ ಹೇಳಿದರೆ ನಂಬದವರು ಶಾಲೆಯ ಮೈದಾನದಲ್ಲಿ ನೋಡಬಹುದು. ಒಬ್ಬನು ನಿಂತ ವಾಹನದ ಮೇಲೆ ಕುಳಿತು ಮುಂದೆಯೇ ದೃಷ್ಟಿಯಿಟ್ಟು, ಆಗಾಗ ಕನ್ನಡಿಯತ್ತ ಕಣ್ಣು ಹಾಯಿಸುತ್ತಿರಲಿ. ಇನ್ನೊಬ್ಬನು ಇಪ್ಪತ್ತು ಹೆಜ್ಜೆ ಹಿಂದಿನಿಂದ, ವಾಹನದ ಬಲಕ್ಕೆ ಒಂದು ಮಾರು ಅಂತರದಲ್ಲಿ ಮೆಲ್ಲಗೆ ನಡೆದು ಬರಲಿ. ಕನ್ನಡಿಯಲ್ಲಿ ಕಾಣುತ್ತಿದ್ದವನು ಒಂದೆಡೆಯಲ್ಲಿ ಥಟ್ಟನೆ ಮಾಯವಾಗುವನು. ಅಲ್ಲಿ ಸುಣ್ಣದ ಪುಡಿಯಿಂದ ಗೆರೆಯೆಳೆಯಬೇಕು. ಮತ್ತೆ ಅವನು ಕಣ್ಣಿನ ಕೊನೆಗೆ ಕಾಣಿಸಿಕೊಂಡ ಕಡೆ ಇನ್ನೊಂದು ಗೆರೆ. ಎರಡು ಗೆರೆಗಳ ನಡುವಣ ನೆಲವೇ ಕಾಣದೆಡೆ. ಎಡಪಕ್ಕಕ್ಕೂ ಇದೇ ಪರೀಕ್ಷೆ. ಈ ಗೆರೆಗಳನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಉಪದೇಶದ ಅಗತ್ಯ ಬಹಳವಾಗಿ ಬೀಳದು.

ಬಹುಮಂದಿಯ ಕನ್ನಡಿಯಲ್ಲಿ ಅರ್ಧ ಭಾಗ ಅವರವರ ತೋಳು, ಭುಜಗಳೇ ತುಂಬಿರುತ್ತವೆ. ಸ್ವಂತ ಭುಜ ಎಲ್ಲಿಗೂ ಓಡಿಹೋಗುವುದಿಲ್ಲ, ಅದನ್ನು ಕಾವಲು ಕಾಯಬೇಕಾಗಿಲ್ಲ. ವಾಹನವನ್ನು ಒಬ್ಬರು ನೇರವಾಗಿ ಹಿಡಿದಿರುವಾಗ, ಸವಾರನು ಹೆಲ್ಮೆಟ್ ಧರಿಸಿ, ಪ್ರತಿದಿನ ಹೇಗೆ ಕೂರುವನೋ ಹಾಗೆಯೇ ಕುಳಿತು ಕನ್ನಡಿಗಳನ್ನು ಹೊಂದಿಸಬೇಕು. ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿದ ಬೈಕಿನಲ್ಲಿ ಹೊಂದಿಸಿದ ಕನ್ನಡಿ, ಬೈಕು ನೆಟ್ಟಗಾದೊಡನೆ ಬೇರೆಯದನ್ನೇ ತೋರಿಸುವುದು. ಕನ್ನಡಿಯ ಒಳ ಅಂಚಿನಲ್ಲಿ ಭುಜದ ತುಣುಕೊಂದು ಕಂಡರೆ ಸಾಕು. ಅದು ದಿಕ್ಕಿಗೆ ಗುರುತು. ಉಳಿದುದೆಲ್ಲ ರಸ್ತೆಗೆ ಮೀಸಲು. ಮೇಲೆ ಕೆಳಗಿನ ಲೆಕ್ಕದಲ್ಲಿ, ದೂರದ ರಸ್ತೆ ಆಕಾಶವನ್ನು ಮುಟ್ಟುವ ರೇಖೆ ಕನ್ನಡಿಯ ನಡುಮಟ್ಟಕ್ಕೆ ಬರಬೇಕು. ಆಮೇಲೆ ಕಡ್ಡಿಯ ಬುಡದ ನಟ್ಟನ್ನು ಸ್ಪ್ಯಾನರಿನಿಂದ ಬಿಗಿಮಾಡದಿದ್ದರೆ ನಾಲ್ಕು ಮೈಲಿಯೊಳಗೆ ಕನ್ನಡಿ ಅದುರಿ ಅದುರಿ ತಾನಾಗಿಯೇ ತಿರುಗಿಬಿಡುವುದು. ಹೀಗೆ ಹೊಂದಿಸಿದ ಮೇಲೆ ಮೈದಾನದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ಗೆರೆಗಳು ಹತ್ತಿರ ಬಂದಿರುತ್ತವೆ. ಕೂಡಿಕೊಂಡಿರುವುದಿಲ್ಲ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಪೀನ ದರ್ಪಣದ ಪಾಠವಿದೆ. ಪ್ರತಿಬಿಂಬವು ಮಿಥ್ಯ, ನೇರ ಮತ್ತು ವಸ್ತುವಿಗಿಂತ ಚಿಕ್ಕದು. ವಾಹನಗಳ ಹಿಂದಣ ನೋಟಕ್ಕೆ ಇದನ್ನು ಬಳಸುವರು ಎಂದು ವಿದ್ಯಾರ್ಥಿ ಬರೆದು ಅಂಕ ಪಡೆಯುತ್ತಾನೆ. ಚಿಕ್ಕದಾಗಿ ಕಂಡದ್ದು ದೂರದಲ್ಲಿರುವಂತೆ ಭಾಸವಾಗುವುದೆಂಬ ಮುಂದಿನ ಮಾತು ಉತ್ತರ ಪತ್ರಿಕೆಗೆ ಬೇಕಾಗುವುದಿಲ್ಲ, ಪ್ರಾಣಕ್ಕೆ ಬೇಕಾಗುತ್ತದೆ. ಕನ್ನಡಿಯಲ್ಲಿ ಇನ್ನೂ ದೂರವಿದೆಯೆಂದು ತೋರಿದ ಬಸ್ಸು ಆಗಲೇ ಬೆನ್ನಿಗೆ ಬಂದಿರುತ್ತದೆ. ಪಾಠ ಒಪ್ಪಿಸಿದ ಅದೇ ಹುಡುಗ, ಅಂದ ಕೆಡುವುದೆಂದು ಕನ್ನಡಿಗಳನ್ನೇ ಕಳಚಿಟ್ಟ ಅಣ್ಣನ ಬೈಕಿನ ಹಿಂದೆ ಕುಳಿತು ಮನೆಗೆ ಹೋಗುತ್ತಾನೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಣ ನೋಟದ ಕನ್ನಡಿ ಇರಲೇಬೇಕೆಂದಿವೆ. ನಿಯಮ ಪುಸ್ತಕದಲ್ಲಿ, ಕನ್ನಡಿ ಮನೆಯ ಅಟ್ಟದಲ್ಲಿ.

ಉಳಿದ ಕಾಣದೆಡೆಗೆ ಮದ್ದು ಕತ್ತಿನಲ್ಲಿದೆ. ಪಕ್ಕಕ್ಕೆ ಸರಿಯುವ ಮೊದಲು, ತಿರುಗುವ ಮೊದಲು, ಹಿಂದಿಕ್ಕಲು ಹೊರಡುವ ಮೊದಲು, ಕನ್ನಡಿ ನೋಡಿ, ಇಂಡಿಕೇಟರು ಹಾಕಿ, ಆಮೇಲೆ ಗಲ್ಲವನ್ನು ಭುಜದತ್ತ ತಿರುಗಿಸಿ ಒಂದು ನೋಟ ಬೀರಬೇಕು. ಇದಕ್ಕೆ ವೃದ್ಧರ ಆಕ್ಷೇಪವುಂಟು: ಹಿಂದೆ ನೋಡುತ್ತ ಮುಂದೆ ಹೋಗುವವನು ಹಳ್ಳಕ್ಕೆ ಬಿದ್ದಾನು ಎಂದು. ಆಕ್ಷೇಪ ನ್ಯಾಯವಾದುದೇ. ಗಂಟೆಗೆ ೪೦ ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿನಲ್ಲಿ ೧೧ ಮೀಟರು ಮುಂದೆ ಹೋಗಿರುತ್ತದೆ. ಆದ್ದರಿಂದ ಮುಂದಿನ ದಾರಿ ಬಿಡುವಾಗಿದೆಯೆಂದು ಖಚಿತವಾದ ಮೇಲೆಯೇ ಕತ್ತು ತಿರುಗಬೇಕು. ಸೊಂಟ ತಿರುಗಬಾರದು, ತೋಳು ಎಳೆಯಬಾರದು, ನೋಟ ನಿಲ್ಲಬಾರದು. ಅದು ಅಭ್ಯಾಸದಿಂದ ಬರುವ ವಿದ್ಯೆ, ಈಜಿನಂತೆ.

ಇಲ್ಲೊಂದು ಸೂಕ್ಷ್ಮವುಂಟು. ಕಾಣದೆಡೆ ಆರು ಮೀಟರು ಉದ್ದವೆಂದಿಟ್ಟುಕೊಂಡರೆ, ಗಂಟೆಗೆ ೨೦ ಕಿಲೋಮೀಟರಿನಷ್ಟು ಹೆಚ್ಚು ವೇಗದಲ್ಲಿ ಬರುವ ವಾಹನ ಅದನ್ನು ಒಂದು ಸೆಕೆಂಡಿಗೆ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ದಾಟಿಬಿಡುತ್ತದೆ. ಆದರೆ ಇಬ್ಬರದೂ ಸಮವೇಗವಾದರೆ? ಪಕ್ಕದವನು ಅಲ್ಲಿಯೇ ಅಡಗಿ ಫರ್ಲಾಂಗುಗಟ್ಟಲೆ ಜೊತೆಗೆ ಬರುತ್ತಾನೆ. ಹೀಗಾಗಿ ಹಳೇಬೀಡು ಜಾವಗಲ್ಲುಗಳ ನಡುವಣ ಬಯಲು ದಾರಿಗಿಂತ ಅರಸೀಕೆರೆಯ ಇಕ್ಕಟ್ಟಾದ ಬೀದಿಯಲ್ಲಿ, ಎಲ್ಲರೂ ಒಂದೇ ನಡೆಯಲ್ಲಿ ಸಾಗುವಾಗ, ಕಾಣದೆಡೆ ಹೆಚ್ಚು ಅಪಾಯಕಾರಿ. ಇನ್ನೊಬ್ಬರ ಹಿಂಚಕ್ರದ ಪಕ್ಕದಲ್ಲಿ ಅಂಟಿಕೊಂಡು ಹೋಗದೆ, ಒಂದೋ ಮುಂದೆ ಸಾಗಬೇಕು, ಇಲ್ಲವೇ ಹಿಂದೆ ಉಳಿಯಬೇಕು.

ಬಸ್ಸು ಲಾರಿಗಳ ಕಾಣದೆಡೆ ಇನ್ನೂ ದೊಡ್ಡದು, ಅದರಲ್ಲೂ ಎಡಮಗ್ಗುಲಿನದು. ನಿಲ್ದಾಣದ ಕಡೆಗೆ ಎಡಕ್ಕೆ ತಿರುಗುವ ಬಸ್ಸಿನ ಎಡಪಕ್ಕದ ಸಂದಿಯಲ್ಲಿ ನುಸುಳುವ ಸ್ಕೂಟರಿನವರು, ಚಾಲಕ ತಮ್ಮನ್ನು ಕಂಡಿದ್ದಾನೆಂದೇ ಭಾವಿಸಿರುತ್ತಾರೆ. ಬಸ್ಸಿನ ಕನ್ನಡಿಯಲ್ಲಿ ಚಾಲಕನ ಮುಖ ಇವರಿಗೆ ಕಾಣದಿದ್ದರೆ ಇವರ ಮುಖ ಅವನಿಗೆ ಕಾಣುವುದಿಲ್ಲ. ಇಷ್ಟು ಸರಳವಾದ ಅಳತೆಗೋಲು ಬೇರೊಂದಿಲ್ಲ. ಇನ್ನು ಲಾರಿಗಳ ಹಿಂಬದಿಯಲ್ಲಿ ಬಣ್ಣದಲ್ಲಿ ಬರೆದಿರುವ ‘ಹಾರನ್ ಓಕೆ ಪ್ಲೀಸ್’ ಎಂಬ ಒಕ್ಕಣೆ. ಮುಂದಿರುವವನು ನೋಡಬೇಕಾದ ಕರ್ತವ್ಯವನ್ನು ಹಿಂದಿರುವವನ ಕೂಗಿಗೆ ವಹಿಸಿಕೊಡುವ ಕರಾರುಪತ್ರ ಅದು. ಮಹಾರಾಷ್ಟ್ರ ಸರ್ಕಾರ ೨೦೧೫ರಲ್ಲಿ ಆ ಬರಹವನ್ನು ನಿಷೇಧಿಸಿತು. ಬರಹ ಅಳಿಸಿದರೂ ಮನಸ್ಸಿನ ಕರಾರು ಅಳಿಯಬೇಕಲ್ಲ! ಎಲ್ಲರೂ ಒಟ್ಟಿಗೆ ಹಾರನ್ನು ಒತ್ತುವ ಬೀದಿಯಲ್ಲಿ ಯಾವ ಕೂಗು ಯಾರಿಗೆಂದು ತಿಳಿಯುವವರು ಯಾರು?

ಸಣ್ಣಪುಟ್ಟ ವಿಘ್ನಗಳು ಹಲವು. ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿದವರು, ಹುಲ್ಲಿನ ಹೊರೆ ಕಟ್ಟಿದವರು ತಮ್ಮ ಕನ್ನಡಿಯನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ವಾಹನ ನಿಲ್ಲಿಸುವ ಎಡೆಗಳಲ್ಲಿ ಜಾಗ ಸಾಲದೆಂದು ಯಾರೋ ಮಡಿಸಿಟ್ಟ ಕನ್ನಡಿ, ಸಂಜೆ ರೈಲಿಳಿದು ಅವಸರದಲ್ಲಿ ಹೊರಟವನಿಗೆ ಆಕಾಶವನ್ನೇ ತೋರಿಸುತ್ತಿರುತ್ತದೆ. ಬೇಲೂರಿನ ಕಡೆ ಮಳೆಗಾಲದಲ್ಲಿ ಹನಿ ಕೂತ ಕನ್ನಡಿಯಲ್ಲಿ ಒಂದು ದೀಪ ಹತ್ತಾಗಿ ಕಾಣುತ್ತದೆ. ಒರೆಸಲು ಜೇಬಿನಲ್ಲಿ ಅರಿವೆಯೊಂದಿದ್ದರೆ ಸಾಕು. ಕನ್ನಡಿಯ ಮೂಲೆಗೆ ಅಂಟಿಸುವ ಪುಟ್ಟ ದುಂಡು ಕನ್ನಡಿಗಳು ಅಗ್ಗದ ಬೆಲೆಗೆ ದೊರೆಯುತ್ತವೆ. ಅವುಗಳಿಂದ ಪ್ರಯೋಜನವುಂಟು, ಆದರೆ ಕತ್ತಿನ ಕೆಲಸಕ್ಕೆ ಅವು ಬದಲಿಯಲ್ಲ.

ಶಾಲೆಯಲ್ಲಿ ಇದನ್ನು ಕಲಿಸಿದರೆ ವಯಸ್ಸಾಗದ ಮಕ್ಕಳಿಗೆ ಸವಾರಿಯ ಆಸೆ ಹುಟ್ಟಿಸಿದಂತಾಗದೆ ಎಂದು ಕೆಲವು ಅಧ್ಯಾಪಕರು ಶಂಕಿಸಬಹುದು. ಗೇರಿರುವ ಮೋಟಾರು ಸೈಕಲ್ಲಿಗೆ ಹದಿನೆಂಟು ತುಂಬಿರಬೇಕು. ಅಪ್ರಾಪ್ತರ ಕೈಗೆ ವಾಹನ ಕೊಟ್ಟು ಅಪರಾಧವಾದರೆ ೨೦೧೯ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ ಮತ್ತು ೨೫,೦೦೦ ರೂಪಾಯಿ ದಂಡ. ಇದನ್ನೂ ಅದೇ ಪಾಠದಲ್ಲಿ ಹೇಳಲಿ. ಆದರೆ ಮಕ್ಕಳು ಇಂದು ಹಿಂದಿನ ಸೀಟಿನಲ್ಲಿ ಕುಳಿತು ತಂದೆಯ ಕತ್ತನ್ನು, ಅಣ್ಣನ ಕನ್ನಡಿಯನ್ನು ನೋಡುತ್ತಲೇ ಕಲಿಯುತ್ತಿದ್ದಾರೆ. ತಪ್ಪನ್ನು ಕಲಿಯಲು ಅವರಿಗೆ ಯಾವ ವಯೋಮಿತಿಯೂ ಇಲ್ಲ. ಮೊದಲು ಕಲಿಯಬೇಕಾದವರು ದಿನವೂ ಸ್ಕೂಟರು ಬೈಕುಗಳಲ್ಲಿ ಶಾಲೆಗೆ ಬರುವ ಶಿಕ್ಷಕ ಶಿಕ್ಷಕಿಯರು.

ದಾನಿಗಳು ಕಟ್ಟಡಕ್ಕೆ, ಗ್ರಂಥಾಲಯಕ್ಕೆ, ದತ್ತಿ ಬಹುಮಾನಕ್ಕೆ ಕೊಟ್ಟಿದ್ದಾರೆ, ಕೊಡುತ್ತಲೂ ಇದ್ದಾರೆ. ಈ ಕಾರ್ಯಕ್ಕೆ ಬೇಕಾದುದು ಒಂದು ಚೀಲ ಸುಣ್ಣದ ಪುಡಿ, ನಾಲ್ಕು ಸ್ಪ್ಯಾನರು, ಕನ್ನಡಿ ಕಳಚಿಕೊಂಡವರಿಗಾಗಿ ಹತ್ತಾರು ಜೋಡಿ ಕನ್ನಡಿ. ಪೀನ ದರ್ಪಣವನ್ನು ವಿವರಿಸಲು ವಿಜ್ಞಾನದ ಅಧ್ಯಾಪಕರಿದ್ದಾರೆ, ಗೆರೆಯೆಳೆಯಲು ವ್ಯಾಯಾಮ ಶಿಕ್ಷಕರಿದ್ದಾರೆ. ಶನಿವಾರದ ಬೆಳಗಿನ ತರಗತಿ ಮುಗಿದ ಮೇಲೆ ಮೈದಾನ ಹೇಗೂ ಬಿಡುವಾಗಿರುತ್ತದೆ. ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ದಿನ ಮರದ ನೆರಳಿನಲ್ಲಿ ಸಾಲಾಗಿ ನಿಲ್ಲುವ ಅವರ ವಾಹನಗಳಿಂದಲೇ ಇದನ್ನು ಆರಂಭಿಸಬಹುದು. ಊಟದ ಪಂಕ್ತಿ ಏಳುವಷ್ಟರಲ್ಲಿ ಐವತ್ತು ಜನರ ಕನ್ನಡಿ ಹೊಂದಿಸಿ ಮುಗಿದೀತು.